ಮೂರನೆಯ ಕಲ್ಲು

ಮುಂಬೈ ಪಕ್ಕದ ನೆರೂಳಿನ ನಮ್ಮ ಫ್ಲ್ಯಾಟಿನ ಅಡುಗೆಕಟ್ಟೆಗೆ ಹೊಸ ಗ್ರಾನೈಟು ಹಾಕಿಸಿದ ವಾರ ಮಿಸ್ತ್ರಿ ಊಟಕ್ಕೆ ಬಂದಿದ್ದರು. ಬಂದವರು ಮರ್ಯಾದೆಯಾಗಿ ಸೋಫಾದಲ್ಲಿ ಕೂತು ನೀರು ಕುಡಿಯಬೇಕಿತ್ತು. ಹಾಗೆ ಮಾಡಲಿಲ್ಲ. ನೆಟ್ಟಗೆ ಅಡುಗೆಮನೆಗೆ ಹೋಗಿ, ಅಂಗಿಯ ಜೇಬಿನಿಂದ ಉಕ್ಕಿನ ಅಡಿಪಟ್ಟಿಯೊಂದನ್ನು ತೆಗೆದು, ಅದರ ಅಂಚನ್ನು ಕಟ್ಟೆಯ ಮೇಲೆ ನಿಲ್ಲಿಸಿ, ಹಿಂದಿನಿಂದ ಮೊಬೈಲಿನ ಟಾರ್ಚು ಹಿಡಿದು, ಒಂದು ಕಣ್ಣು ಮುಚ್ಚಿ ಬಗ್ಗಿದರು. ನನ್ನ ಹೆಂಡತಿ ಸಾರಿನ ಸೌಟು ಕೈಯಲ್ಲಿ ಹಿಡಿದುಕೊಂಡೇ ನಿಂತಳು.

“ಅಕ್ಕಾರ, ಪಟ್ಟಿ ಕೆಳಗ ಬೆಳಕು ಬರಾಕ ಹತ್ತೈತಿ ನೋಡ್ರಿ. ನಡಬರಕ ತಗ್ಗ ಐತಿ.”

“ಎಂತ ತಗ್ಗು ಮಾರಾಯ್ರೆ? ಹಾಕಿಸಿ ಎಂಟು ದಿನ ಆಗ್ಲಿಲ್ಲ,” ಎಂದಳು.

“ಪಾಲಿಶ್ ಛಲೋ ಮಾಡ್ಯಾರ. ಆದ್ರ ಪಾಲಿಶ್ ಬ್ಯಾರೆ, ಸಪಾಟ ಬ್ಯಾರೆ ರೀ.”

ಆಮೇಲೆ ಅವಳು ಆ ಕಟ್ಟೆಯನ್ನು ಮೊದಲಿನ ಪ್ರೀತಿಯಿಂದ ಒರೆಸಿದ್ದೇ ಇಲ್ಲ. “ನಿಮ್ಮ ಆ ಜನವನ್ನು ಇನ್ನು ಒಳಗೆ ಬಿಡ್ಬೇಡಿ” ಎಂದಳು. ನನಗೂ ಮೈಯೆಲ್ಲ ಉರಿದಿತ್ತು. ಉಣ್ಣಲು ಕರೆದವರ ಮನೆಯಲ್ಲಿ ತಗ್ಗು ಹುಡುಕುವ ಮನುಷ್ಯನಿಗೆ ಏನು ಹೇಳುವುದು? ಆದರೂ ಮುಂದಿನ ತಿಂಗಳು ಅವರು ಮತ್ತೆ ಬಂದರು, ನಾನು ಮತ್ತೆ ಬಾಗಿಲು ತೆಗೆದೆ.

ಅವರು ತೀರಿಕೊಂಡು ಈಗ ಮೂರು ತಿಂಗಳು. ನಾವಿಬ್ಬರೂ ದುಡಿದ ಹಳೆಯ ಕಾರ್ಖಾನೆಯವರದ್ದೊಂದು ವಾಟ್ಸ್ಯಾಪ್ ಗುಂಪು ಇದೆ. ಅದರಲ್ಲಿ ಹಬ್ಬದ ಶುಭಾಶಯ, ಸಕ್ಕರೆ ಕಾಯಿಲೆಗೆ ಮೆಂತ್ಯದ ಮದ್ದು ಮತ್ತು ಸಾವಿನ ಸುದ್ದಿ ಬಿಟ್ಟರೆ ಬೇರೇನೂ ಬರುವುದಿಲ್ಲ. ಅವರ ಸುದ್ದಿ ಬಂದ ದಿನ ಒಬ್ಬರ ಹಿಂದೊಬ್ಬರು ಮುಗಿದ ಕೈಗಳ ಚಿತ್ರ ಹಾಕಿದರು. ಒಬ್ಬ ಮಹಾನುಭಾವ, “ಅಂಥ ಕೆಲಸಗಾರ ಇನ್ನು ಹುಟ್ಟುವುದಿಲ್ಲ” ಎಂದು ಬರೆದ. ಹಿಂದೆ ಕಂಪನಿಯವರು ಅವರನ್ನು ಅವರ ಕಸುಬಿನ ಮೇಜಿನಿಂದ ಎಬ್ಬಿಸಿ ಪ್ಯಾಕಿಂಗಿಗೆ ಹಾಕಿದ ದಿನ ಇದೇ ಮಹಾನುಭಾವ ಕ್ಯಾಂಟೀನಿನಲ್ಲಿ ಎರಡನೇ ಪ್ಲೇಟು ಉಸಳ್ ತಿನ್ನುತ್ತ ಕೂತಿದ್ದ. ನಾನೂ ಒಂದು ಜೊತೆ ಕೈ ಮುಗಿದು ಹಾಕಿದೆ. ಫೋನು ಬದಿಗಿಟ್ಟು ಕಾಫಿ ಕುಡಿದೆ.

ಮೊದಲೇ ಹೇಳಿಬಿಡುತ್ತೇನೆ: ಅವರ ಕೆಲಸ ಹೋದದ್ದು ನನ್ನ ಸಹಿಯಿಂದ.

ಐರೋಲಿಯಲ್ಲಿ, ಈಗ ಗಾಜಿನ ಐಟಿ ಕಟ್ಟಡಗಳು ನಿಂತಿರುವ ಕಡೆ, ನಮ್ಮದೊಂದು ಪಂಪಿನ ಕಾರ್ಖಾನೆ ಇತ್ತು. ಪಂಪಿನ ಒಳಗೆ ಅಂಗೈಯಗಲದ ಎರಡು ಉಕ್ಕಿನ ಬಿಲ್ಲೆಗಳು ಮುಖಕ್ಕೆ ಮುಖ ಕೊಟ್ಟು ಕೂರುತ್ತವೆ. ಎರಡರ ಮುಖವೂ ಸಪಾಟಾಗಿದ್ದರೆ ನೀರು ಸೋರುವುದಿಲ್ಲ. ಆ ಮುಖಗಳನ್ನು ಸಾಣೆಪುಡಿ ಹಾಕಿ ತಿಕ್ಕಿ ತಿಕ್ಕಿ ಸಪಾಟು ಮಾಡುವುದಕ್ಕೆ ಲ್ಯಾಪಿಂಗ್ ಎನ್ನುತ್ತಾರೆ. ಆ ಕೆಲಸ ಅವರದ್ದು. ವಿಜಯಪುರ ಜಿಲ್ಲೆಯ ಯಾವುದೋ ಹಳ್ಳಿಯಿಂದ ಲೋಡಿಂಗ್ ಕೆಲಸಕ್ಕೆಂದು ಬಂದು, ಕೈಯ ಹದದಿಂದ ಮೇಲೇರಿದವರು. ಎಲ್ಲರೂ ‘ಮಿಸ್ತ್ರಿ’ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆಯುತ್ತೇನೆ. ಅವರು ತಿಕ್ಕಿದ್ದು ಸರಿಯೋ ತಪ್ಪೋ ಎಂದು ಹೇಳುವವನು ನಾನು. ಉಡುಪಿಯಲ್ಲಿ ಡಿಪ್ಲೊಮಾ ಮುಗಿಸಿ ಬಂದವನು, ಬಿಳಿ ಕೋಟಿನವನು, ಏಸಿ ಕೋಣೆಯವನು. ಇನ್‌ಸ್ಪೆಕ್ಟರ್ ಎಂದರೆ ಆ ಕಾಲಕ್ಕೆ ನಮ್ಮ ಮನೆಯಲ್ಲಿ ಪೊಲೀಸಿನವನಿಗಿಂತ ಹೆಚ್ಚು.

ನನ್ನ ಕೋಣೆಯಲ್ಲಿ ಒಂದಡಿ ಚದರದ ಬೀಡುಕಬ್ಬಿಣದ ಪ್ಲೇಟು ಇತ್ತು. ಅದು ಸಪಾಟಿನ ದೇವರು. ಅದರ ಮೇಲೆ ನೀಲಿ ಲೇಪವನ್ನು ತೆಳ್ಳಗೆ ಹಚ್ಚಿ, ಬಿಲ್ಲೆಯನ್ನು ಕವುಚಿ ಆಡಿಸಿ ಎತ್ತಿದರೆ, ಮುಟ್ಟಿದಲ್ಲಿ ನೀಲಿ ಹತ್ತಿರುತ್ತದೆ. ಮುಖವೆಲ್ಲ ನೀಲಿಯಾದರೆ ಪಾಸು. ಅಂಚಿಗೆ ಮಾತ್ರ ಹತ್ತಿದರೆ ನಡುವೆ ತಗ್ಗಿದೆ ಎಂದರ್ಥ, ಕಸದ ಡಬ್ಬಿಗೆ. ಪ್ಲೇಟಿನ ನಟ್ಟನಡುವೆ ದೀಪದ ಬೆಳಕು ಬೀಳುತ್ತಿತ್ತು. ಹಾಗಾಗಿ ನಾನು ಯಾವಾಗಲೂ ನಟ್ಟನಡುವೆಯೇ ಆಡಿಸುತ್ತಿದ್ದೆ. ಒಂದು ದಿನವಲ್ಲ ಎರಡು ದಿನವಲ್ಲ, ಇಪ್ಪತ್ತು ವರ್ಷ, ಅದೇ ಜಾಗದಲ್ಲಿ.

ಮಿಸ್ತ್ರಿ ಒಂದು ಸಲ ಬಾಗಿಲಲ್ಲಿ ನಿಂತು ನೋಡಿ ಹೇಳಿದ್ದರು: “ಸಾಹೇಬ್ರ, ಮೂಲಿನೂ ಬಳಸ್ರಿ. ಒಂದಽ ಕಡೆ ತಿಕ್ಕಿದ್ರ ಪ್ಲೇಟ್ ಸವೀತೈತಿ.”

ನಾನು ಪ್ಲೇಟಿನ ಬದಿಗೆ ಅಂಟಿಸಿದ್ದ ಸ್ಟಿಕ್ಕರನ್ನು ಬೆರಳಿನಿಂದ ತಟ್ಟಿ ತೋರಿಸಿದೆ. ವರ್ಷಕ್ಕೊಮ್ಮೆ ಹೊರಗಿನಿಂದ ಒಬ್ಬ ಬಂದು ಚಹಾ ಕುಡಿದು, ಪ್ಲೇಟಿನ ಮೇಲೊಮ್ಮೆ ಬಟ್ಟೆ ಆಡಿಸಿ, ‘ಸರಿಯಿದೆ’ ಎಂಬ ಹಸಿರು ಸ್ಟಿಕ್ಕರು ಅಂಟಿಸಿ ಹೋಗುತ್ತಿದ್ದ. ಅದಕ್ಕಿಂತ ಹೆಚ್ಚಿನದ್ದು ಈ ಎಂಟನೇ ಕ್ಲಾಸು ಫೇಲಾದವನಿಗೆ ಗೊತ್ತೇ ಎಂದುಕೊಂಡೆ. ಬಾಯಿಬಿಟ್ಟು ಹೇಳಲಿಲ್ಲ, ಮುಖದಲ್ಲಿ ಕಂಡಿರಬೇಕು.

ಮುಂದೆ ಒಂದು ದಿನ ಅವರ ಮೇಜಿನಿಂದ ಬಂದ ನಲವತ್ತೆರಡು ಬಿಲ್ಲೆಗಳಿಗೂ ಅಂಚಿಗೆ ಮಾತ್ರ ನೀಲಿ ಹತ್ತಿತು. ‘ಮುಖ ತಗ್ಗು, ತಿರಸ್ಕೃತ’ ಎಂದು ಬರೆದು ಸಹಿ ಹಾಕಿದೆ. ಮುಂದಿನ ವಾರವೂ ಅದೇ, ಅದರ ಮುಂದಿನ ವಾರವೂ ಅದೇ. ಮ್ಯಾನೇಜರು ಮಿಸ್ತ್ರಿಯನ್ನು ಕರೆದು, ‘ತಪ್ಪು ನನ್ನದು’ ಎಂದು ಬರೆದುಕೊಡು ಎಂದರು. ಮಿಸ್ತ್ರಿ ಬರೆದುಕೊಡಲಿಲ್ಲ. “ಬಿಲ್ಲಿ ಸಪಾಟ ಅದಾವು, ಪ್ಲೇಟ್ ನೋಡ್ರಿ” ಎಂದರು. ಪ್ಲೇಟನ್ನು ಯಾರು ನೋಡುತ್ತಾರೆ? ಅದಕ್ಕೆ ಸ್ಟಿಕ್ಕರು ಇತ್ತಲ್ಲ. ಅವರನ್ನು ಪ್ಯಾಕಿಂಗಿಗೆ ಹಾಕಿದರು. ಮೂರು ದಿನ ಪಂಪುಗಳಿಗೆ ಗೋಣಿಪಟ್ಟೆ ಸುತ್ತಿ, ನಾಲ್ಕನೆಯ ದಿನ ಏಪ್ರನ್ನು ನಾಲ್ಕು ಮಡಿಕೆ ಮಾಡಿ ನನ್ನ ಮೇಜಿನ ಮೇಲಿಟ್ಟು ಹೊರಟುಹೋದರು.

ಅವರ ಜಾಗಕ್ಕೆ ಬಂದವರು ಬುದ್ಧಿವಂತರು. ಯಾವ ಥರ ತಿಕ್ಕಿದರೆ ನನ್ನ ಪ್ಲೇಟಿನ ಮೇಲೆ ಪೂರಾ ನೀಲಿ ಹತ್ತುತ್ತದೆ ಎಂದು ಹದಿನೈದು ದಿನದಲ್ಲಿ ಕಲಿತರು. ನಡುವೆ ಒಂದಿಷ್ಟು ಉಬ್ಬು ಬಿಡುತ್ತಿದ್ದರು, ಅಷ್ಟೆ. ಎಲ್ಲವೂ ಪಾಸಾಗತೊಡಗಿದವು. ಗಿರಾಕಿಗಳ ಕಡೆ ಪಂಪುಗಳು ಸೋರತೊಡಗಿದವು. ನಾವು ಸಭೆ ಸೇರಿ ಗಂಭೀರವಾಗಿ ಚರ್ಚಿಸಿ ರಬ್ಬರಿನ ವಾಶರು ಕೊಡುವವನನ್ನು ಬದಲಾಯಿಸಿದೆವು.

ಕಡೆಗೆ ಕಾರ್ಖಾನೆ ಮುಚ್ಚಿತು. ಯಂತ್ರಗಳು ಗುಜರಿಗೆ ಹೋದವು. ನನ್ನ ಇಷ್ಟು ವರ್ಷದ ಸೇವೆಯ ನೆನಪಿಗೆಂದು ಆ ಪ್ಲೇಟನ್ನು ನಾನೇ ಕೇಳಿ ಪಡೆದೆ. ಮರದ ಪೆಟ್ಟಿಗೆ ಮಾಡಿಸಿ, ಎಣ್ಣೆ ಸವರಿ, ದಿವಾನಿನ ಕೆಳಗಿಟ್ಟೆ. ಆಯುಧಪೂಜೆಗೆ ಹೊರತೆಗೆದು ಕುಂಕುಮ ಹಚ್ಚಿ, ಹೂವಿಟ್ಟು, ಫೋಟೋ ತೆಗೆದು ಗುಂಪಿಗೆ ಹಾಕುತ್ತಿದ್ದೆ. ಎಲ್ಲರೂ ಕೈ ಮುಗಿಯುತ್ತಿದ್ದರು.

ಇಷ್ಟಾದ ಮೇಲೂ ಮಿಸ್ತ್ರಿ ನನ್ನ ಮನೆಗೆ ಬರುತ್ತಿದ್ದುದು ಏಕೆ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ಠಾಣೆ ಊರಿನ ಒಂದು ಮದುವೆಯಲ್ಲಿ ವರ್ಷಗಳ ನಂತರ ಸಿಕ್ಕಾಗ ಅವರೇ ಬಂದು ಕೈ ಹಿಡಿದರು. ಕನ್ನಡದಲ್ಲಿ ಮಾತಾಡಲು ಒಬ್ಬ ಬೇಕಿತ್ತು ಎಂದು ಭಾವಿಸಿದೆ. ಬಿಟ್ಟಿ ಊಟವೂ ಇರಬಹುದು ಎಂದು ಹೆಂಡತಿಯ ಹತ್ತಿರ ನಕ್ಕದ್ದೂ ಉಂಟು. ಆದರೆ ಬಿಟ್ಟಿ ಊಟದವರು ಬರುವಾಗ ಎರಡು ಕಟ್ಟು ಜೋಳದ ರೊಟ್ಟಿ, ಶೇಂಗಾ ಚಟ್ನಿ ತರುವುದಿಲ್ಲ. ಅದನ್ನು ತಿನ್ನುತ್ತಲೇ ನಾವು ಅವರನ್ನು ಆಡಿಕೊಳ್ಳುತ್ತಿದ್ದೆವು.

ಅವರ ಮನೆ ಡೊಂಬಿವಲಿ ಪೂರ್ವದಲ್ಲಿ, ಹಳೆಯ ಕಟ್ಟಡದ ಮೂರನೇ ಮಹಡಿ. ಒಂದು ಕೋಣೆ, ಒಂದು ಅಡುಗೆಮನೆ, ಒಂದು ಗ್ಯಾಲರಿ. ಮುಂಬೈಯವರು ಬಾಲ್ಕನಿಗೆ ಗ್ಯಾಲರಿ ಎನ್ನುತ್ತಾರೆ, ಅದರಲ್ಲಿ ಒಬ್ಬ ಮನುಷ್ಯ ಪಕ್ಕಕ್ಕೆ ತಿರುಗಿದರೆ ಜಾಗ ಮುಗಿಯಿತು. ಅಲ್ಲಿ ಅವರು ‘ವರ್ಕ್‌ಶಾಪ್’ ಇಟ್ಟಿದ್ದರು: ಕಬ್ಬಿಣ ಕಚ್ಚಿ ಹಿಡಿಯುವ ಒಂದು ವೈಸು, ಒಂದು ಕೈಗರಗಸ, ಬಡಗಿಗಳು ಸಾಣೆಗೆ ಕೊಟ್ಟ ಉಳಿಗಳು, ಉಡುಪಿ ಹೋಟೆಲುಗಳಿಂದ ಬಂದ ಸೋರುವ ನಲ್ಲಿಗಳು. ನಲ್ಲಿಯ ಒಳಮುಖ ತಿಕ್ಕಿ ಕೊಡುತ್ತಿದ್ದರು. ಮೇಲೆ ತಂತಿಯಲ್ಲಿ ಹೆಂಡತಿಯ ಸೀರೆ ಒಣಗುತ್ತಿತ್ತು. ಕಬ್ಬಿಣದ ಕಪ್ಪು ಸೀರೆಗೆ, ಸೀರೆಯ ನೀರು ಕಬ್ಬಿಣಕ್ಕೆ ತಾಗುತ್ತದೆಂದು ಇಬ್ಬರಿಗೂ ದಿನಾ ಜಗಳ.

ಅವರಿಗೆ ಒಂದು ಕೆಟ್ಟ ಚಾಳಿ ಇತ್ತು. ಎಲ್ಲಿ ಹೋದರೂ ಹೆಬ್ಬೆರಳಿನ ಮೆತ್ತೆಯನ್ನು ವಸ್ತುಗಳ ಮೇಲೆ ಸವರುವುದು. ಸ್ಟೇಷನ್ನಿನ ಬೆಂಚು, ಬ್ಯಾಂಕಿನ ಕೌಂಟರು, ಡಾಕ್ಟರ ಮೇಜು. ಸವರಿ, ತುಟಿ ಒಂದು ಬದಿಗೆ ಎಳೆದು, ತಲೆ ಅಲ್ಲಾಡಿಸುತ್ತಿದ್ದರು. ಹೊಸ ಫ್ಲ್ಯಾಟುಗಳ ಬಗ್ಗೆ ಅವರ ಮಾತು: “ಗ್ವಾಡಿಗೆ ಬೆನ್ನ ಹಚ್ಚಿ ನಿಂತ್ರ ಗೊತ್ತಾಗ್ತೈತಿ ರೀ, ಇದನ್ನ ಕಟ್ಟಿದಾಂವ ಮಧ್ಯಾಹ್ನ ಎಷ್ಟೊತ್ತಿಗೆ ಉಂಡಾನು ಅಂತ.” ನನಗೆ ನಗು ಬಂದದ್ದು ನಿಜ. ಆದರೆ ಹೊಸ ಫ್ಲ್ಯಾಟು ತಗೊಂಡವನ ಎದುರು ಆಡುವ ಮಾತೇ ಅದು?

ಅವರಿಗೆ ಬೇಕಾದದ್ದು ಒಂದೇ ಒಂದು: ಮನೆಯಲ್ಲಿ ಲ್ಯಾಪಿಂಗ್ ಮಾಡಲು ಒಂದು ಸಪಾಟು ಮೇಲ್ಮೈ. ಅಂಗಡಿಯಲ್ಲಿ ಸಿಗುವ ಅಸಲಿ ಪ್ಲೇಟು ಅವರ ಕೈಗೆಟುಕುವುದಲ್ಲ. ಹಾಗಾಗಿ ಅಗ್ಗದ್ದನ್ನು ಹುಡುಕುತ್ತ ಅವರು ಕಲ್ಯಾಣದಿಂದ ಠಾಣೆಯವರೆಗೆ ಒಂದು ಅಂಗಡಿಯನ್ನೂ ಬಿಡಲಿಲ್ಲ. ಮೊದಲು ಗಾಜು. ಕಲ್ಯಾಣದ ಗಾಜಿನಂಗಡಿಯಿಂದ ದಪ್ಪ ಗಾಜಿನ ತುಂಡು ತಂದರು. ಗಾಜು ಸಪಾಟೇ, ಆದರೆ ಕೆಳಗಿನ ಹಲಗೆ ಹೇಗಿದೆಯೋ ಹಾಗೆ ಬಾಗುತ್ತದೆ ಎಂದು ಎಂಟು ದಿನಕ್ಕೆ ಅದನ್ನು ಬೈದು ಗೋಡೆಗೆ ಒರಗಿಸಿದರು. ಆಮೇಲೆ ಹೆಂಡತಿಯ ತವರಿನಿಂದ ಬಂದ ಕನ್ನಡಿ. ಅದನ್ನು ಚೌಕಟ್ಟಿನಿಂದ ಬಿಚ್ಚಿದ್ದಕ್ಕೆ ಆಕೆ ಎರಡು ದಿನ ಮಾತು ಬಿಟ್ಟರು. ಆಮೇಲೆ ಟೈಲು.

ಟೈಲಿನ ಅಂಗಡಿಗೆ ನಾನೂ ಹೋಗಿದ್ದೆ. ಒಪ್ಪಿಕೊಳ್ಳುತ್ತೇನೆ, ತಮಾಷೆ ನೋಡಲೆಂದೇ ಹೋಗಿದ್ದೆ. ಶಿಳ್ ರಸ್ತೆಯ ಆ ಷೋರೂಮಿನಲ್ಲಿ ಅವರು ಒಂದೊಂದೇ ಟೈಲು ಕೆಳಗಿಳಿಸಿ, ಅಡಿಪಟ್ಟಿ ನಿಲ್ಲಿಸಿ, ಟಾರ್ಚು ಹಿಡಿದು, ಕಣ್ಣು ಮುಚ್ಚಿ, “ಉಬ್ಬೈತಿ” ಎಂದು ಬದಿಗಿಡುತ್ತ ಹೋದರು. ಹನ್ನೊಂದನೆಯದ್ದಕ್ಕೆ ಅಂಗಡಿಯವನ ಸಹನೆ ಮುಗಿಯಿತು.

“ಚಾಚಾ, ಟೈಲ್ ಖರೀದ್‌ನಾ ಹೈ ಯಾ ಇಸ್ಸೇ ಶಾದಿ ಕರ್‌ನಾ ಹೈ?”

“ಸೀಧಾ ಏಕ್ ಭೀ ನಹೀ ಹೈ ತುಮ್ಹಾರೇ ಪಾಸ್,” ಎಂದರು ಮಿಸ್ತ್ರಿ, ನೆಟ್ಟಗಿರುವುದು ಒಂದೂ ಇಲ್ಲ ಎಂದು.

“ಪೂರೇ ಠಾಣಾ ಮೇ ಯಹೀ ಟೈಲ್ ಲಗಾ ಹೈ!” ಇಡೀ ಠಾಣೆಗೆ ಹಾಕಿರುವುದು ಇದೇ ಟೈಲಂತೆ.

“ಇಸೀ ಲಿಯೇ,” ಎಂದು ಮಿಸ್ತ್ರಿ ನನ್ನ ಕಡೆ ತಿರುಗಿ, “ಅದಕ್ಕಽ ಊರಿಗೆ ಊರಽ ಡೊಂಕ ಐತ್ರಿ” ಎಂದರು. ಟೈಲನ್ನೇ ಮದುವೆಯಾಗುವ ಮಾತು ಕೇಳಿ ಅಂಗಡಿಯ ಹುಡುಗಿಯರು ಬಾಯಿಗೆ ಕೈ ಅಡ್ಡ ಇಟ್ಟು ನಗುತ್ತಿದ್ದರು. ನಾನು ಮಿಸ್ತ್ರಿಯ ಜೊತೆಯವನಲ್ಲ ಎಂಬಂತೆ ವಾಶ್‌ಬೇಸಿನ್ನುಗಳ ಕಡೆ ಹೋಗಿ ನಿಂತೆ.

ವಾಪಸು ಬರುವಾಗ ರಿಕ್ಷಾದಲ್ಲಿ ಕೇಳಿದರು. “ಸಾಹೇಬ್ರ, ನಿಮ್ಮ ಮನ್ಯಾಗಿನ ಆ ಪ್ಲೇಟ್ ಒಂದ್ ವಾರ ಕೊಡ್ತೀರೇನು? ನೋಡಿ ವಾಪಸ್ ಕೊಡ್ತೀನಿ.”

“ಅದೆಂತ ಮಾರಾಯ್ರೆ, ಅದೀಗ ಕೆಲಸದ್ದಲ್ಲ, ಪೂಜೆಯದ್ದು. ಹೊರಗೆ ಕೊಡ್ಲಿಕ್ಕಿಲ್ಲ.”

“ಕಬ್ಬಿಣಕ್ಕ ಕುಂಕುಮ ಹಚ್ಚಿದ್ರ ತುಕ್ಕ ಹಿಡೀತೈತ್ರಿ,” ಎಂದರು.

ಜಿಪುಣ, ಬಿಟ್ಟಿ ಪ್ಲೇಟು ಹೊಡೆಯಲು ನೋಡುತ್ತಾನೆ ಎಂದು ನನಗೆ ನಾನೇ ಹೇಳಿಕೊಂಡೆ. ಅವರು ಹೇಳಿದ್ದು ತಿಕ್ಕುತ್ತೇನೆ ಎಂದಲ್ಲ, ನೋಡುತ್ತೇನೆ ಎಂದು. ಅದು ನನ್ನ ಕಿವಿಗೆ ಚೆನ್ನಾಗಿಯೇ ಬಿದ್ದಿತ್ತು. ನನಗೆ ಭಯವಾಗಿತ್ತು. ಪ್ಲೇಟು ಸರಿಯಿದ್ದರೆ ನನ್ನ ಸಹಿ ಸರಿ. ಪ್ಲೇಟು ತಪ್ಪಿದ್ದರೆ ಇಪ್ಪತ್ತು ವರ್ಷದ ನನ್ನ ಸಹಿಗಳೆಲ್ಲ ಏನಾದವು?

ಪ್ಲೇಟು ಸಿಗದಿದ್ದಾಗ ಮಿಸ್ತ್ರಿ ತಾವೇ ಸಪಾಟು ಹುಟ್ಟಿಸಲು ಹೊರಟರು. ದಿವಾ ಸ್ಟೇಷನ್ನಿನ ಹತ್ತಿರ ಕಲ್ಲಿನ ಗೋದಾಮಿನ ಹಿಂದೆ, ಮೆಟ್ಟಿಲಿಗೆಂದು ತಂದು ಒಡೆದ ದಪ್ಪ ಗ್ರಾನೈಟಿನ ಚೂರುಗಳು ಬಿದ್ದಿದ್ದವು. ಒಂದು ಗೇಣಿನಗಲದ ಮೂರು ಚೂರು ಆರಿಸಿದರು. ಕೇಳಿದ್ದಕ್ಕೆ ಕಾವಲುಗಾರ ಪುಕ್ಕಟೆ ತೆಗೆದುಕೊಂಡು ಹೋಗು ಎಂದನಂತೆ. ಒಂದೊಂದನ್ನೇ ಟವೆಲಿನಲ್ಲಿ ಕಟ್ಟಿ ಮೂರು ಸಲ ಲೋಕಲಿನ ಲಗೇಜು ಡಬ್ಬಿಯಲ್ಲಿ ತಂದರು. ಮೀನಿನ ಬುಟ್ಟಿಯ ಹೆಂಗಸೊಬ್ಬಳು, “ಏ ಬಾಬಾ, ದಗಡ್ ಘೇವೂನ್ ಕುಠೇ ಚಾಲ್ಲಾಸ್?” ಎಂದು ಗದರಿದಳಂತೆ, ಕಲ್ಲು ಹೊತ್ತು ಎಲ್ಲಿಗೆ ಹೊರಟೆ ಎಂದು. ಇದನ್ನು ಅವರೇ ಸಂಭ್ರಮದಿಂದ ಹೇಳಿದರು. ಅರವತ್ತು ದಾಟಿದ ಮನುಷ್ಯ, ಮಂಡಿನೋವಿನ ಮನುಷ್ಯ, ರೈಲಿನಲ್ಲಿ ಕಲ್ಲು ಹೊರುತ್ತಾನೆ. ನಾನು ಫೋನಿನಲ್ಲಿ ಹೂಂ ಹೂಂ ಎನ್ನುತ್ತ ಈ ಕಡೆ ಹೆಂಡತಿಗೆ ಸನ್ನೆ ಮಾಡಿ, ತಲೆಯ ಹತ್ತಿರ ಬೆರಳು ತಿರುಗಿಸಿ ತೋರಿಸಿದೆ.

“ಎರಡು ಸಾಲ್ದೇ? ಮೂರು ಎಂತಕ್ಕೆ?” ಎಂದು ಕೇಳಿದೆ, ಉತ್ತರ ಗೊತ್ತಿದ್ದೂ. ಡಿಪ್ಲೊಮಾದ ಎರಡನೇ ವರ್ಷದ ಪುಸ್ತಕದಲ್ಲಿ ಇರುವ ವಿಷಯ ಅದು. ಪರೀಕ್ಷೆಯಲ್ಲಿ ಬರೆದು ಮರೆತಿದ್ದೆ.

“ಎರಡ ಕಲ್ಲ ಕೂಡಿ ಸುಳ್ಳ ಹೇಳ್ತಾವ್ರಿ. ಒಂದು ಉಬ್ಬಿ ಇನ್ನೊಂದು ತಗ್ಗಿದ್ರೂ ಬರೋಬ್ಬರಿ ಕೂಡತಾವು. ಗಂಡ ಹೆಂಡ್ತಿ ಇಬ್ಬರೂ ಸೇರಿ ಸುಳ್ಳ ಹೇಳಿದ್ರ ಯಾರಿಗಿ ಗೊತ್ತಾಗ್ತೈತಿ? ಮನ್ಯಾಗ ಅತ್ತಿ ಒಬ್ಬಾಕಿ ಇದ್ರ ಸಿಕ್ಕ ಬೀಳ್ತಾರ. ಮೂರನೇ ಕಲ್ಲು ಅಂದ್ರ ಅತ್ತಿ.”

ಒಂದನ್ನು ಎರಡಕ್ಕೆ ತಿಕ್ಕುವುದು, ಎರಡನ್ನು ಮೂರಕ್ಕೆ, ಮೂರನ್ನು ಒಂದಕ್ಕೆ. ಪ್ರತಿಸಲ ಕಾಲುಸುತ್ತು ತಿರುಗಿಸುವುದು. ಮೂರೂ ಒಂದಕ್ಕೊಂದು ಪೂರಾ ಕೂಡಿಕೊಂಡ ದಿನ ಮೂರೂ ಸಪಾಟು, ಬೇರೆ ದಾರಿಯೇ ಇಲ್ಲ. ಅದಕ್ಕೆ ಅಳತೆಯ ಪ್ಲೇಟು ಬೇಡ, ಸ್ಟಿಕ್ಕರು ಬೇಡ, ಇನ್‌ಸ್ಪೆಕ್ಟರೂ ಬೇಡ. ಬೇಕಾದದ್ದು ಸಾಣೆಪುಡಿ, ನೀರು ಮತ್ತು ಕತ್ತೆಯಂಥ ತಾಳ್ಮೆ. ಅದು ಅವರಲ್ಲಿ ಧಾರಾಳವಾಗಿತ್ತು.

ಗಣಪತಿ ಹಬ್ಬ ಮುಗಿದ ಮೇಲೆ ಶುರು ಮಾಡಿದವರು ಶಿವರಾತ್ರಿಯವರೆಗೂ ತಿಕ್ಕಿದರು. ಬೆಳಿಗ್ಗೆ ಎರಡು ತಾಸು, ಸಂಜೆ ಎರಡು ತಾಸು. ಕೆಳಗಿನ ಮನೆಯವರು ಕರಕರ ಸದ್ದಿನ ಬಗ್ಗೆ ಸೊಸೈಟಿಗೆ ದೂರು ಕೊಟ್ಟರು. ಸೆಕ್ರೆಟರಿ ಬಂದು ನೋಡಿ, ಕಲ್ಲಿಗೆ ಕಲ್ಲು ತಿಕ್ಕುತ್ತ ಕೂತ ಮುದುಕನಿಗೆ ಯಾವ ನಿಯಮ ಹಚ್ಚುವುದೆಂದು ತಿಳಿಯದೆ ತಲೆ ಕೆರೆದುಕೊಂಡು ಹೋದ. ಮಿಸ್ತ್ರಿಯ ಹೆಂಡತಿ ನನಗೆ ಫೋನು ಮಾಡಿ, “ನೀವರೆ ಒಂದ್ ಮಾತ ಹೇಳ್ರಿ ಸಾಹೇಬ್ರ, ಊಟ ತಣ್ಣಗಾದ್ರೂ ಏಳಂಗಿಲ್ಲ. ನಿಮ್ಮ ಮಾತ ಕೇಳ್ತಾರ” ಎಂದರು. ನನ್ನ ಮಾತು ಕೇಳುತ್ತಾರೆ ಎಂಬುದು ನನಗೆ ಹೊಸ ಸುದ್ದಿಯಾಗಿತ್ತು. ಹುಚ್ಚು ಹಿಡಿದವರಿಗೆ ಹೇಳಿ ಪ್ರಯೋಜನವಿಲ್ಲ ಎಂದು ನಾನು ಏನೂ ಹೇಳಲಿಲ್ಲ.

ಶಿವರಾತ್ರಿಯ ಮರು ಭಾನುವಾರ ಬೆಳಿಗ್ಗೆ ಅವರು ನೆರೂಳಿಗೆ ಬಂದರು. ಠಾಣೆಯಲ್ಲಿ ರೈಲು ಬದಲಿಸಿ, ಸೇತುವೆಯ ಮೆಟ್ಟಿಲು ಹತ್ತಿ ಇಳಿದು, ಹೆಗಲ ಚೀಲದಲ್ಲಿ ಒಂದು ಕಲ್ಲು ಹೊತ್ತು. ಉಸಿರು ಕಟ್ಟುತ್ತಿತ್ತು. ನೀರು ಕುಡಿದು ಹೇಳಿದರು: “ಮೂರೂ ತಯಾರ್ ಆದ್ವು. ಹೊರಾಕ ಆಗಲಿಲ್ಲ, ಒಂದಽ ತಂದೀನಿ. ಐದ ಮಿನಿಟ್ ಪ್ಲೇಟ್ ಹೊರಗ ತಗೀರಿ.”

ಹೆಂಡತಿಯ ಎದುರು ಇಲ್ಲ ಎನ್ನಲಾಗಲಿಲ್ಲ. ಪೆಟ್ಟಿಗೆ ತೆಗೆದೆ. ಅವರು ಊಟದ ಮೇಜಿಗೆ ಪೇಪರು ಹಾಸಿ, ಪ್ಲೇಟಿನ ಎಣ್ಣೆ ಒರೆಸಿ, ಕಲ್ಲಿನ ಮುಖಕ್ಕೆ ನೀಲಿ ಹಚ್ಚಿದರು. ಆ ಕೈಗಳನ್ನು ನಾನು ಮೊದಲ ಸಲ ಸರಿಯಾಗಿ ನೋಡಿದೆ. ಬೆರಳ ತುದಿಗಳಲ್ಲಿ ಗೆರೆಗಳೇ ಉಳಿದಿರಲಿಲ್ಲ. ಕಲ್ಲನ್ನು ಪ್ಲೇಟಿನ ಮೇಲೆ ಕವುಚಿ, ಮೂರು ಸಲ 8ರ ಹಾಗೆ ಆಡಿಸಿ, ಎತ್ತಿದರು.

ಪ್ಲೇಟಿನ ಸುತ್ತಲೂ ನೀಲಿ ಹತ್ತಿತ್ತು. ನಟ್ಟನಡುವೆ, ನಾನು ಇಪ್ಪತ್ತು ವರ್ಷ ಬಿಲ್ಲೆ ಆಡಿಸಿದ ಜಾಗದಲ್ಲಿ, ಒಂದು ಬಟ್ಟಲಿನಗಲ ಬರಿಯ ಕಬ್ಬಿಣ ಹಾಗೇ ಹೊಳೆಯುತ್ತಿತ್ತು.

ಅವರು ನನ್ನ ಮುಖ ನೋಡಿದರು, ಅಷ್ಟೆ.

“ನಿಮ್ಮ ಕಲ್ಲು ನಡುವೆ ತಗ್ಗಿದೆ,” ಎಂದೆ. ಬಿಳಿ ಕೋಟಿನ ಕಾಲದ ದನಿ ತಾನಾಗಿಯೇ ಬಂತು.

ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಆಗಲಿಲ್ಲ. ತುಸು ಹೊತ್ತು ಕಲ್ಲಿನ ಮೇಲೆ ಹೆಬ್ಬೆರಳು ಆಡಿಸಿ, “ಇರಬಹುದ್ರಿ” ಎಂದರು. “ಎರಡರಾಗ ಖೋಟಾ ಯಾವುದು ಅಂತ ಎರಡರಿಂದ ಗೊತ್ತಾಗಂಗಿಲ್ಲ. ಒಂದ್ ಐತವಾರ ಡೊಂಬಿವಲಿಗೆ ಬರ್ರಿ. ಪ್ಲೇಟ್ ಬ್ಯಾಡ, ನೀವೊಬ್ಬರಽ ಬರ್ರಿ. ಮೂರೂ ಕಲ್ಲಿಗೆ ನಿಮ್ಮ ಕೈಲೇ ನೀಲಿ ಹಚ್ಚಿ ನೋಡ್ರಿ. ಏನ್ ಕಾಣ್ತೈತೋ ಅದನ್ನ ಬಾಯಿಬಿಟ್ಟ ಹೇಳ್ರಿ. ನನಗ ಮತ್ತೇನೂ ಬ್ಯಾಡ.”

ಅವರು ಹೋದ ಮೇಲೆ ನಾನು ಅಡಿಪಟ್ಟಿ ಹುಡುಕಿ ಪ್ಲೇಟಿನ ಮೇಲೆ ನಿಲ್ಲಿಸಿದೆ. ಹಿಂದಿನಿಂದ ಟಾರ್ಚು ಹಿಡಿದೆ. ನಡುವೆ ಬೆಳಕು ಬಂತು. ಅಂಚುಗಳಲ್ಲಿ ಕತ್ತಲೆ, ನಡುವೆ ಕೂದಲೆಳೆಯಷ್ಟು ಬೆಳಕು. ಅಂದರೆ ಆ ನಲವತ್ತೆರಡು ಬಿಲ್ಲೆಗಳು ಸರಿಯಿದ್ದವು. ಅವುಗಳ ಮುಂದಿನ ವಾರದವೂ ಸರಿಯಿದ್ದವು. ಪ್ಲೇಟು ಸವೆದಿತ್ತು, ಸವೆಸಿದವನು ನಾನು, ದಂಡ ಕೊಟ್ಟವರು ಅವರು. ಸೀಮೆಎಣ್ಣೆಯಲ್ಲಿ ನೀಲಿ ಒರೆಸಿ ಪ್ಲೇಟನ್ನು ಪೆಟ್ಟಿಗೆಯಲ್ಲಿಟ್ಟು ದಿವಾನಿನ ಕೆಳಗೆ ತಳ್ಳಿದೆ. “ಏನಂತೆ?” ಎಂದು ಹೆಂಡತಿ ಕೇಳಿದಾಗ, “ಅವರ ಕಲ್ಲು ಸರಿಯಿಲ್ಲ” ಎಂದೆ.

ಆಮೇಲೆ ಪ್ರತಿ ಶನಿವಾರ ಅವರ ಫೋನು. “ನಾಳೆ ಬರ್ತೀರೇನ್ರಿ?” ಮುಂಬೈಯಲ್ಲಿ ಹೇಡಿಗಳ ಪಾಲಿಗೆ ರೈಲ್ವೆಯವರು ಒಂದು ವರ ಕೊಟ್ಟಿದ್ದಾರೆ: ಭಾನುವಾರದ ಮೆಗಾಬ್ಲಾಕು. ಒಂದು ವಾರ ಈ ಲೈನಿನಲ್ಲಿ, ಒಂದು ವಾರ ಆ ಲೈನಿನಲ್ಲಿ ದುರಸ್ತಿ, ರೈಲು ಬಂದ್. ಇಲ್ಲದ ವಾರವೂ ಇದೆ ಎಂದೆ. “ಹೌದ್ರಿ, ತ್ರಾಸ ಆಗ್ತೈತಿ, ಮುಂದಿನ ಐತವಾರ ಬರ್ರಿ,” ಎನ್ನುತ್ತಿದ್ದರು. ಟೈಲಿನ ಮುಖ ನೋಡಿ ಅದರ ಹಣೆಬರಹ ಹೇಳುವ ಮನುಷ್ಯ ನನ್ನ ಮೆಗಾಬ್ಲಾಕನ್ನು ನಂಬಿದರು. ಆಯುಧಪೂಜೆ ಬಂತು. ನಾನು ಆ ವರ್ಷವೂ ಪ್ಲೇಟಿಗೆ ಕುಂಕುಮ ಹಚ್ಚಿ ಫೋಟೋ ಹಾಕಿದೆ. ಕೈ ಮುಗಿದವರಲ್ಲಿ ಮಿಸ್ತ್ರಿಯೂ ಇದ್ದರು. ದೀಪಾವಳಿಯ ನಂತರ ಫೋನು ನಿಂತಿತು. ನನಗೆ ಹಾಯೆನಿಸಿತು, ನಾಚಿಕೆಯಿಲ್ಲದೆ ಹೇಳುತ್ತೇನೆ.

ಅವರು ತೀರಿಕೊಂಡು ಹನ್ನೊಂದನೆಯ ದಿನ ಕಳೆದ ಮೇಲೆ ಡೊಂಬಿವಲಿಗೆ ಹೋದೆ. ಅವತ್ತೂ ಭಾನುವಾರ. ರೈಲುಗಳು ಸರಿಯಾಗಿಯೇ ಓಡುತ್ತಿದ್ದವು. ಮಿಸ್ತ್ರಿಯ ಹೆಂಡತಿ ಚಹಾ ಕೊಟ್ಟು, “ಗ್ಯಾಲರಿ ಖಾಲಿ ಮಾಡ್ಬೇಕ್ರಿ. ಉಳಿ, ಕರಗಸ ಎಲ್ಲಾ ಬಡಗ್ಯಾರು ಒಯ್ದ್ರು. ಈ ಕಲ್ಲು ಏನ ಮಾಡ್ಲಿ? ನೀವು ಬಲ್ಲವರು, ನೋಡಿ ಹೇಳ್ರಿ” ಎಂದರು.

ಮೂರೂ ಕಲ್ಲುಗಳು ಒಂದರ ಪಕ್ಕ ಒಂದು, ಒಗೆದ ಬಟ್ಟೆ ಹೊದ್ದು ಕೂತಿದ್ದವು. ಬದಿಗೆ ಕೆಂಪು ಬಣ್ಣದಲ್ಲಿ ಒಂದು, ಎರಡು, ಮೂರು ಎಂದು ಕನ್ನಡದ ಅಂಕಿಗಳು. ನೀಲಿಯ ಡಬ್ಬಿ ಅಲ್ಲೇ ಇತ್ತು. ನಾನು ನೆಲದ ಮೇಲೆ ಕೂತು ಒಂದಕ್ಕೆ ನೀಲಿ ಹಚ್ಚಿ ಎರಡರ ಮೇಲೆ ಕವುಚಿದೆ. ಪೂರಾ ಹತ್ತಿತು. ಎರಡನ್ನು ಮೂರರ ಮೇಲೆ. ಪೂರಾ ಹತ್ತಿತು. ಮೂರನ್ನು ಒಂದರ ಮೇಲೆ ಇಟ್ಟು ಆಡಿಸಿ ಎತ್ತಿದೆ. ಮೂಲೆಯಿಂದ ಮೂಲೆಗೆ ಒಂದೇ ಸಮನೆ ನೀಲಿ. ನಾನು ಕಾರ್ಖಾನೆಯಲ್ಲಿ ನೋಡಿದ ಯಾವ ಪ್ಲೇಟೂ ಅಷ್ಟು ಸಪಾಟಾಗಿರಲಿಲ್ಲ. ಒಡೆದ ಮೆಟ್ಟಿಲಿನ ಚೂರುಗಳಿಂದ ಆ ಮನುಷ್ಯ ಅದನ್ನು ಮಾಡಿದ್ದರು.

ಇನ್ನಾದರೂ ಹೇಳಿಬಿಡಬೇಕು ಎನಿಸಿತು. ಹೇಳಿದರೆ ನನ್ನ ಎದೆಯ ಭಾರ ಇಳಿಯುತ್ತದೆ ಎಂಬ ಆಸೆಯೂ ಇತ್ತು. ಎದ್ದು ನಿಂತು ಹೇಳಿದೆ: “ಅಕ್ಕಾ, ಕಲ್ಲು ಮೂರೂ ಸರಿ ಉಂಟು. ಒಂದು ಕೂದಲಿನಷ್ಟೂ ತಪ್ಪಿಲ್ಲ. ಕಾರ್ಖಾನೆಯ ಪ್ಲೇಟೇ ತಗ್ಗಿತ್ತು. ಅವರ ಬಿಲ್ಲೆಗಳು ಎಲ್ಲ ಸರಿಯಿತ್ತು. ತಪ್ಪು ನನ್ನದು.”

ಆಕೆ ಅಳಲಿಲ್ಲ, ಬೈಯಲಿಲ್ಲ. ಚಹಾದ ಬಟ್ಟಲು ಎತ್ತಿಕೊಂಡು ನಿಂತೇ ಹೇಳಿದರು.

“ನನಗ್ಯಾಕ ಹೇಳ್ತೀರಿ ಸಾಹೇಬ್ರ? ನನಗ ಮೊದ್ಲಿಂದನೂ ಗೊತ್ತಿತ್ತು. ಅವರಿಗೇ ಕಡೀಕ ಸಂಶಯ ಬಂತು. ನಿಮ್ಮ ಮನಿಯಿಂದ ಬಂದಾಗಿಂದ ಮತ್ತ ತಿಕ್ಕಾಕ ಹತ್ತಿದ್ರು. ದವಾಖಾನಿಗೆ ಹೋಗೂ ದಿನದ ತನಕ ತಿಕ್ಕಿದ್ರು. ಮೂರೂ ತಯಾರ್ ಆದ್ವು ಅಂದಿದ್ರೆಲ್ಲ, ಮತ್ಯಾಕ ಅಂತ ಕೇಳಿದೆ. ‘ಸಾಹೇಬ್ರು ಓದಿದವರು, ಅವರು ತಗ್ಗೈತಿ ಅಂದಾರ ಅಂದ್ರ ನನ್ನ ಕೈಯಽ ತಪ್ಪಿರಬೇಕು, ಕಾರ್ಖಾನ್ಯಾಗ ಆವಾಗಲೂ ನಂದಽ ತಪ್ಪಿತ್ತೇನೋ’ ಅಂದ್ರು.”